ಫೋಟೋದಲ್ಲಿ ಪಾಸಾದ ಹೋರಿ

ಮದುವೆಯಾಗುವವರೆಗೆ ನನಗೆ ದನ ಅಂದರೆ ಹಾಲು ಮತ್ತು ಸಗಣಿ, ಇಷ್ಟೇ ಗೊತ್ತಿತ್ತು. ಶಿವಮೊಗ್ಗದ ಪೇಟೆಯಲ್ಲಿ ಹುಟ್ಟಿ ಬೆಳೆದವಳು ನಾನು. ಹಾಲು ಬಾಗಿಲಿಗೆ ಬರುತ್ತಿತ್ತು, ಸಗಣಿಯನ್ನು ಬೀದಿಯಲ್ಲಿ ದಾಟಿಕೊಂಡು ಹೋಗುತ್ತಿದ್ದೆವು. ಅಂಥ ನಾನು ಒಂದು ಹೋರಿಯ ಹಿಂದೆ ಕುಕ್ಕರುಗಾಲಲ್ಲಿ ಕೂತು, ಅದರ ಗಂಡಸುತನ ಸ್ಪಷ್ಟವಾಗಿ ಕಾಣುವ ಹಾಗೆ ಫೋಟೋ ತೆಗೆದೆ, ಅದೂ ಊರವರೆಲ್ಲ ನಿಂತು ನೋಡುತ್ತಿರುವಾಗ. ಕೇಳಿದವರು ನಕ್ಕರೆ ನನಗೆ ಬೇಜಾರಿಲ್ಲ. ನಾನೂ ನಕ್ಕಿದ್ದೇನೆ, ಒಂದು ಹಂತದವರೆಗೆ.

ನಮ್ಮವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತರು. ಅವರ ಹುಟ್ಟೂರು ಸೋಗಾನೆಯ ಆಚೆಗಿನ ಒಂದು ಸಣ್ಣ ಹಳ್ಳಿ. ಅಲ್ಲಿ ನಮ್ಮತ್ತೆ ಮತ್ತು ನಮ್ಮ ಭಾವ, ಅಂದರೆ ನಮ್ಮವರ ಅಣ್ಣ, ಬೇಸಾಯ ಮಾಡಿಕೊಂಡಿದ್ದರು. ಯುದ್ಧದ ಕಾಲ ಅದು. ಓರಗಿತ್ತಿ ಹೆರಿಗೆಗೆಂದು ತವರಿಗೆ ಹೋಗಿದ್ದರಿಂದ ಆ ವರ್ಷ ಅತ್ತೆಯ ಅಡುಗೆಮನೆಗೆ ನಾನು ಎರವಲು ಹೋದೆ. ನಮ್ಮವರು ರಜೆ ಸಿಕ್ಕಿದ ಭಾನುವಾರ ಸೈಕಲ್ ತುಳಿದುಕೊಂಡು ಬಂದು, ಹೊಟ್ಟೆ ತುಂಬ ಉಂಡು, ಹಳ್ಳಿಯ ಗಾಳಿ ಎಷ್ಟು ಚೆನ್ನ ಎಂದು ಹೇಳಿ, ವಾಪಸು ಹೋಗುತ್ತಿದ್ದರು.

ಆ ವರ್ಷ ದನದ ತಳಿ ಸುಧಾರಿಸಲು ಶಿವಮೊಗ್ಗದಲ್ಲಿ ಒಂದು ಸಮಿತಿ ಹುಟ್ಟಿಕೊಂಡಿತ್ತು. ಒಳ್ಳೆಯ ಹೋರಿಗಳನ್ನು ಆರಿಸಿ ಬೀಜದ ಹೋರಿಗಳೆಂದು ಉಳಿಸಿಕೊಳ್ಳುವುದು, ಮಿಕ್ಕವುಗಳಿಗೆಲ್ಲ ಬೀಜ ಒಡೆಸಿ ಎತ್ತು ಮಾಡಿಬಿಡುವುದು, ಇದು ಅವರ ಕೆಲಸ. ಮೊದಲು ಹೋರಿಗಳನ್ನೆಲ್ಲ ಶಿವಮೊಗ್ಗಕ್ಕೆ ಹೊಡೆದುಕೊಂಡು ಬನ್ನಿ ಎಂದು ಸಾರಿದರು. ಅಷ್ಟರಲ್ಲಿ ದನಗಳಿಗೆ ಕಾಲುಬಾಯಿ ಜ್ವರ ಹಬ್ಬಿತು. ದನ ಒಂದು ಕಡೆ ಸೇರಬಾರದು ಎಂದಾಯಿತು. ಆಗ ಸಮಿತಿಯ ಅಧ್ಯಕ್ಷರಿಗೆ ಒಂದು ಯೋಚನೆ ಹೊಳೆಯಿತು. ದನ ಬರುವುದು ಬೇಡ, ದನದ ಫೋಟೋ ಬರಲಿ. ಫೋಟೋಕ್ಕೆ ಜ್ವರ ಬರುವುದಿಲ್ಲ, ಅದು ಒದೆಯುವುದಿಲ್ಲ, ಜಗಲಿಯ ಮೇಲೆ ಗಂಜಲ ಹುಯ್ಯುವುದಿಲ್ಲ. ಹಳ್ಳಿಯಲ್ಲಿ ಯಾರ ಹತ್ತಿರ ಕ್ಯಾಮೆರಾ ಇರುತ್ತದೆ ಎಂದು ಮಾತ್ರ ಸಮಿತಿಯಲ್ಲಿ ಒಬ್ಬರೂ ಕೇಳಲಿಲ್ಲ. ನಮ್ಮ ಹಣೆಬರಹಕ್ಕೆ ನಮ್ಮ ಮನೆಯಲ್ಲಿ ಒಂದಿತ್ತು. ಕಾರ್ಖಾನೆಯ ಗುಮಾಸ್ತರಲ್ಲೆಲ್ಲ ಆಗ ಡಬ್ಬಿ ಕ್ಯಾಮೆರಾದ ಹುಚ್ಚು ಹತ್ತಿತ್ತು, ನಮ್ಮವರಿಗೂ ಹತ್ತಿತ್ತು.

ನಮ್ಮ ಕೊಟ್ಟಿಗೆಯಲ್ಲಿ ಒಂದು ಹೋರಿ ಇತ್ತು. ಕರುವಾಗಿದ್ದಾಗಲೇ ಅದರ ತಾಯಿ ಸತ್ತಿತ್ತು. ಅತ್ತೆ ಬಟ್ಟೆಯ ಬತ್ತಿಯನ್ನು ಹಾಲಿಗೆ ಅದ್ದಿ ಬಾಯಿಗಿಟ್ಟು, ತೊಡೆಯ ಮೇಲೆ ಅದರ ತಲೆ ಇಟ್ಟುಕೊಂಡು ಬದುಕಿಸಿದ್ದರು. ಅದನ್ನು ಮಗ ಎಂದೇ ಕರೆಯುತ್ತಿದ್ದರು. ಹೊಟ್ಟೆಯಲ್ಲಿ ಹುಟ್ಟಿದ ಗಂಡುಮಕ್ಕಳಿಬ್ಬರು ಎದುರಿಗೆ ಕೂತಿದ್ದರೂ, 'ಮಗ ಇವತ್ತು ಸರಿಯಾಗಿ ತಿನ್ಲಿಲ್ಲ' ಎಂದು ಅತ್ತೆ ಹೇಳಿದರೆ ಅದು ಹೋರಿಯ ವಿಚಾರ ಎಂದು ಎಲ್ಲರಿಗೂ ತಿಳಿಯುತ್ತಿತ್ತು. ನಮ್ಮವರು ಎಷ್ಟು ತಿಂದರು ಎಂದು ಅವರು ಕೇಳಿದ್ದು ನಾನು ಕಾಣೆ.

ಮಗ ಬೆಳೆದು ಆಳೆತ್ತರದ ಹೋರಿಯಾಯಿತು. ಬೆಳ್ಳಗಿನ ಮೈ, ಕುತ್ತಿಗೆಯ ಹತ್ತಿರ ಬೂದು ನೆರಳು, ಹೆಗಲ ಮೇಲೆ ಡುಬ್ಬದ ಹಾಗೆ ಗಟ್ಟಿಯಾಗಿ ಕೂತ ಹಿಣಿಲು. ಬೇಲಿ ಎನ್ನುವುದು ಅದಕ್ಕೆ ಲೆಕ್ಕಕ್ಕೇ ಇರಲಿಲ್ಲ. ಯಾರ ಮನೆಯ ಹಸು ಬೆದೆಗೆ ಬಂದರೂ ಆ ಮನೆಯವರಿಗಿಂತ ಮೊದಲು ನಮ್ಮ ಮಗನಿಗೆ ಗೊತ್ತಾಗುತ್ತಿತ್ತು. ಜನ ದೂರು ತಂದರೆ ಅತ್ತೆ ಮಜ್ಜಿಗೆ ಕೊಟ್ಟು ಕೂರಿಸಿ, "ಗಂಡು ಮಾರಾಯ, ಇನ್ನೇನು ಮಾಡುತ್ತೆ" ಎಂದು ಕಳಿಸುತ್ತಿದ್ದರು. ಆ ದನಿಯಲ್ಲಿ ನಾಚಿಕೆ ಇರಲಿಲ್ಲ, ಹೆಮ್ಮೆ ಇತ್ತು.

ಭಾವನಿಗೆ ಬೇಕಾದದ್ದು ಎತ್ತು. ಅವರ ಎತ್ತುಗಳಲ್ಲಿ ಒಂದು ಸತ್ತುಹೋಗಿತ್ತು. ಉಳಿದದ್ದು ಜೋಡಿಯಿಲ್ಲದೆ ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಾ ಕೂತಿತ್ತು. ಹೋದ ಮಳೆಗಾಲವೆಲ್ಲ ಭಾವ ಅವರಿವರ ಎತ್ತು ಕೇಳಿಕೊಂಡು ಉತ್ತಿದ್ದರು. ಈ ಹೋರಿಗೆ ಬೀಜ ಒಡೆಸಿದರೆ ಜೋಡಿ ಸರಿಹೋಗುತ್ತದೆ ಎನ್ನುವುದು ಅವರ ಹಟ. ಮುಟ್ಟಿದರೆ ನೋಡು ಎನ್ನುವುದು ಅತ್ತೆಯ ಹಟ. ಸಮಿತಿಯ ಸುದ್ದಿ ಬಂದಾಗ ಭಾವ ಒಂದು ತೀರ್ಮಾನಕ್ಕೆ ಬಂದರು.

"ಅಮ್ಮ, ಅದು ಮಗ ಅಲ್ಲ, ದನ. ಸಮಿತಿಯೋರು ಆರಿಸಿದ್ರೆ ಹೋರಿಯಾಗೇ ಇರ್ಲಿ, ನಾನು ಉಸಿರೆತ್ತಲ್ಲ. ಆರಿಸದೇ ಇದ್ರೆ ಮಳೆಗೆ ಮುಂಚೆ ಬೀಜ ಒಡೆಯೋನು ಬರ್ತಾನೆ. ಆಗ ನೀನು ಉಸಿರೆತ್ತಬಾರ್ದು."

"ಆರಿಸದೇ ಏನು? ಅವರಿಗೆ ಕಣ್ಣಿಲ್ವಾ?" ಎಂದರು ಅತ್ತೆ. ಕಣ್ಣಿರುತ್ತದೆ, ಆದರೆ ಆ ಕಣ್ಣು ಇರುವುದು ಶಿವಮೊಗ್ಗದಲ್ಲಿ, ಹೋರಿ ಇರುವುದು ಇಲ್ಲಿ ಎನ್ನುವುದು ಅವರ ತಲೆಗೆ ಹೋಗಲಿಲ್ಲ.

ನಮ್ಮವರ ಫೋಟೋಗಳ ವಿಚಾರ ಹೇಳಬೇಕು. ಅವರು ತೆಗೆದ ಫೋಟೋಗಳಲ್ಲಿ ಮನುಷ್ಯರೆಲ್ಲ ಕಾಲಿನಿಂದ ಶುರುವಾಗಿ ಕುತ್ತಿಗೆಗೆ ಮುಗಿಯುತ್ತಿದ್ದರು. ಕಾರ್ಖಾನೆಯ ಚಿಮಣಿಗೂ ತುದಿ ಇರುತ್ತಿರಲಿಲ್ಲ. ನನಗೆ ತಲೆ ಇದ್ದ ಫೋಟೋ ಒಂದೇ ಒಂದು, ಮದುವೆಗೆ ಮುಂಚೆ ಸ್ಟುಡಿಯೋದಲ್ಲಿ ತೆಗೆಸಿ ಗಂಡಿನ ಕಡೆಗೆ ಕಳಿಸಿದ್ದು. ಅದನ್ನು ನೋಡಿ ಒಪ್ಪಿದ್ದು ಅತ್ತೆಯೇ. ನಾನು ಸೇರಕ್ಕಿ ಒದ್ದು ಒಳಗೆ ಬಂದ ದಿನವೇ, "ಫೋಟೋದಲ್ಲಿ ಇಷ್ಟು ಕುಳ್ಳಿ ಅಂತ ಗೊತ್ತಾಗ್ಲಿಲ್ಲ ಕಣೇ" ಎಂದರು. ನಾನು ಬಗ್ಗಿ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಆಗಿನ್ನೂ ಹೊಸಬಳು.

ಫೋಟೋದ ದಿನ ಅತ್ತೆ ಹೋರಿಯನ್ನು ಹೊಳೆಗೆ ಕರೆದುಕೊಂಡು ಹೋಗಿ ತೆಂಗಿನ ನಾರಿನಲ್ಲಿ ಉಜ್ಜಿ ತಂದರು. ಕೊಂಬಿಗೆ ಎಣ್ಣೆ, ಕೊರಳಿಗೆ ಗಂಟೆ, ಹಣೆಗೆ ಕುಂಕುಮ. ಆಮೇಲೆ ಪೆಟ್ಟಿಗೆ ತೆರೆದು ಜೂಲು ತೆಗೆದರು. ದೀಪಾವಳಿಯಲ್ಲಿ ಮಾತ್ರ ದನದ ಬೆನ್ನ ಮೇಲೆ ಹೊದಿಸುವ ಕೆಂಪು ಬಟ್ಟೆ ಅದು, ಮೈತುಂಬ ಕನ್ನಡಿ ಚೂರು ಹೊಲಿದದ್ದು. ಹೋರಿಗೆ ಹೊದಿಸಿದರೆ ಹಿಣಿಲಿನಿಂದ ಬಾಲದ ಬುಡದವರೆಗೆ ಮುಚ್ಚಿ ಮೊಣಕಾಲಿನ ತನಕ ಇಳಿಯಿತು. ನಾನು ತಡೆಯಲಾರದೆ, "ಅತ್ತೆ, ಇದನ್ನ ಹಾಕಿದ್ರೆ ಒಳಗೆ ಏನಿದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?" ಎಂದೆ.

"ಫೋಟೋಕ್ಕೆ ಬರಿ ಮೈಯಲ್ಲಿ ನಿಲ್ಸೋದಾ? ನಿನ್ನ ಫೋಟೋ ಕಳಿಸ್ದಾಗ ನಿಮ್ಮಪ್ಪ ಬರಿ ಮೈಯಲ್ಲಿ ನಿಲ್ಸಿದ್ರಾ?"

ನಮ್ಮವರು ಕ್ಯಾಮೆರಾದೊಳಗೆ ತಲೆ ಬಗ್ಗಿಸಿಕೊಂಡು ನಕ್ಕರು. ನನ್ನ ಅಪ್ಪ ಆ ದಿನ ನನ್ನ ತಾಯಿಯ ಧಾರೆ ಸೀರೆ ಉಡಿಸಿ, ಕೊರಳಿಗೆ ನೆರೆಮನೆಯವರ ಚಿನ್ನದ ಅಡ್ಡಿಗೆ ಕೇಳಿ ತಂದು ಹಾಕಿ ನಿಲ್ಲಿಸಿದ್ದು ನಿಜ. ಫೋಟೋ ಅಂದರೆ ಇರುವುದನ್ನು ತೋರಿಸುವುದಲ್ಲ, ಮುಚ್ಚಿ ಮರ್ಯಾದೆಯಾಗಿ ನಿಲ್ಲುವುದು ಎಂದು ನಮ್ಮ ಕಡೆಯವರೆಲ್ಲ ತಿಳಿದಿದ್ದ ಕಾಲ. ಹೋರಿಗೆ ಬೇರೆ ನ್ಯಾಯ ಯಾಕೆ? ಅತ್ತೆ ಹಗ್ಗ ಹಿಡಿದು ಪಕ್ಕದಲ್ಲಿ ನಿಂತರು. ನಮ್ಮವರು ಜೀವಮಾನದಲ್ಲಿ ಮೊದಲ ಬಾರಿಗೆ ಎರಡೂ ತಲೆಗಳು ಬರುವಂತೆ ಫೋಟೋ ತೆಗೆದರು.

ಪ್ರಿಂಟು ಕೈಗೆ ಬಂದ ಮೇಲೆ ಅತ್ತೆ ಮತ್ತು ನಾನು ಶಿವಮೊಗ್ಗಕ್ಕೆ ಹೊರಟೆವು. ಪೆಟ್ರೋಲ್ ಇಲ್ಲದ್ದರಿಂದ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಏರು ಬಂದರೆ ಜನ ಇಳಿದು ನಡೆಯಬೇಕು, ನಡೆದವರು ಬಸ್ಸಿಗಿಂತ ಮೊದಲು ಮೇಲೆ ತಲುಪಿ ಅದಕ್ಕಾಗಿ ಕಾಯಬೇಕು. ಮಸಿ ಹಿಡಿದ ಮುಖ ಹೊತ್ತುಕೊಂಡು ಅಧ್ಯಕ್ಷರ ಮನೆಯ ಜಗಲಿ ಹತ್ತಿದೆವು.

ಅಧ್ಯಕ್ಷರು ಪಿಂಚಣಿ ತೆಗೆದುಕೊಳ್ಳುವ ದೊಡ್ಡ ಮನುಷ್ಯರು. ಮೇಜಿನ ಮೇಲೆ ಇಸ್ಪೀಟು ಎಲೆ ಹರಡಿದ ಹಾಗೆ ಹೋರಿಗಳ ಫೋಟೋ ಹರಡಿದ್ದವು. ಅವರ ಕೈಯಲ್ಲಿ ಸಣ್ಣ ಸಣ್ಣ ಚೌಕ ಕೊರೆದ ಒಂದು ಗಾಜಿನ ಹಲಗೆ. ಅದನ್ನು ಫೋಟೋದ ಮೇಲಿಟ್ಟು, ಮುಖಕ್ಕೆ ಎಷ್ಟು ಚೌಕ, ಬೆನ್ನಿಗೆ ಎಷ್ಟು ಚೌಕ, ಕಾಲಿಗೆ ಎಷ್ಟು ಎಂದು ಎಣಿಸಿ ಗುಣ ಕಟ್ಟುತ್ತಿದ್ದರು. ನಮ್ಮ ಫೋಟೋದ ಮೇಲೆ ಗಾಜು ಇಟ್ಟರು, ತೆಗೆದರು, ಕನ್ನಡಕ ಒರೆಸಿಕೊಂಡರು.

"ಇದು ಹೋರಿಯೋ ಎತ್ತೋ?"

ಅತ್ತೆಯ ಮುಖ ಕಪ್ಪಿಟ್ಟಿತು. "ಹೋರಿ ಸ್ವಾಮಿ. ಊರಲ್ಲಿ ಯಾರನ್ನಾದ್ರೂ ಕೇಳಿ."

"ಊರು ಹೇಳಿದ್ರೆ ಸಾಲದು, ಫೋಟೋ ಹೇಳ್ಬೇಕು. ನನಗೆ ಕಾಣೋದು ಒಂದು ಮೂತಿ, ಒಂದು ರತ್ನಗಂಬಳಿ, ನಾಲ್ಕು ಗೊರಸು. ನೀವು ಮಾತ್ರ ಚೆನ್ನಾಗಿ ಬಂದಿದ್ದೀರಿ."

"ಹಂಗಾದ್ರೆ ಒಂದು ಸಲ ಬಂದು ನೋಡಿ ಸ್ವಾಮಿ. ಊಟ ಅಲ್ಲೇ ಮಾಡ್ಬಹುದು."

"ಕಣ್ಣಾರೆ ನೋಡಿದ್ರೆ ಪಕ್ಷಪಾತ ಬರುತ್ತೆ ತಾಯಿ. ಊಟ ಮಾಡಿದ್ರಂತೂ ಬಂದೇ ಬರುತ್ತೆ. ಇನ್ನೊಂದು ತೆಗೆಸ್ಕೊಂಡು ಬನ್ನಿ. ಬರಿ ಮೈಯದು. ಪಕ್ಕದಿಂದ ಒಂದು, ಹಿಂದಿನಿಂದ ಒಂದು."

"ಹಿಂದಿನಿಂದ ಯಾಕೆ ಸ್ವಾಮಿ?"

ಅವರು ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅತ್ತೆಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಗಿ ನೆಲ ನೋಡಿದೆ. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಬಿಡಲಿಲ್ಲ, ಅವರು ಏನಂದರು ಎಂದು ಪೀಡಿಸಿದರು. ನಾನು ಕಿವಿಯಲ್ಲಿ ಹೇಳಿದೆ. "ಬೀಜ ಕಾಣ್ಬೇಕಾ?" ಎಂದು ಅವರು ಇಡೀ ಬಸ್ಸಿಗೆ ಕೇಳುವ ಹಾಗೆ ಕೇಳಿದರು. ಮುಂದಿನ ಸೀಟಿನಲ್ಲಿದ್ದ ರಾಗಿ ವ್ಯಾಪಾರದವನು ತಿರುಗಿ, ಯಾವ ಬೀಜ ಬೇಕಾಗಿತ್ತಮ್ಮ, ತನ್ನ ಹತ್ತಿರ ಒಳ್ಳೆಯದಿದೆ ಎಂದ.

ನಮ್ಮವರು, ಕಾರ್ಖಾನೆಯಲ್ಲಿ ಯುದ್ಧದ ಕೆಲಸ, ಭಾನುವಾರವೂ ರಜೆ ಇಲ್ಲ ಎಂದು ಹೇಳಿ ಕಳಿಸಿದರು. ಮಳೆ ಹತ್ತಿರ ಬರುತ್ತಿತ್ತು. ಭಾವ ಬೀಜ ಒಡೆಯುವವನನ್ನು ಆಗಲೇ ಒಂದು ಸಲ ಮಾತಾಡಿಸಿಕೊಂಡು ಬಂದಿದ್ದರು. ಕ್ಯಾಮೆರಾ ಮನೆಯಲ್ಲೇ ಇತ್ತು, ರೀಲಿನಲ್ಲಿ ಸ್ವಲ್ಪ ಉಳಿದಿತ್ತು. ಸರಿ, ನಾನೇ ತೆಗೆಯುತ್ತೇನೆ ಎಂದೆ. ಅತ್ತೆಯ ಮೇಲಿನ ಪ್ರೀತಿಯಿಂದಲ್ಲ. ಆ ಗಾಜಿನ ಹಲಗೆಯ ಮುದುಕನಿಗೆ ಬೇಕಾದದ್ದನ್ನು ಬೇಕಾದಷ್ಟು ತೋರಿಸಿಬಿಡಬೇಕು ಎನ್ನುವ ಸಿಟ್ಟಿನಿಂದ.

ಪಕ್ಕದ ಫೋಟೋ ಸಲೀಸಾಗಿ ಆಯಿತು. ಹಿಂದಿನದಕ್ಕೆ ಶುರುವಾಯಿತು ಪಜೀತಿ. ದಿನಾ ಹಿಂಡಿ ಹಾಕುವವಳು ನಾನಾದ್ದರಿಂದ, ನಾನು ಹಿಂದೆ ಹೋದರೆ ಹೋರಿ ತಿರುಗಿ ಮುಖ ಕೊಡುತ್ತಿತ್ತು. ನಾನು ಸುತ್ತಿದಂತೆ ಅದೂ ಸುತ್ತುತ್ತಿತ್ತು. ಕೊನೆಗೆ ಗೂಟಕ್ಕೆ ಗಿಡ್ಡವಾಗಿ ಕಟ್ಟಿದೆವು. ಡಬ್ಬಿ ಕ್ಯಾಮೆರಾವನ್ನು ಹೊಟ್ಟೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕಾದ್ದರಿಂದ ನಾನು ನೆಲಕ್ಕೆ ಕೂತೆ. ಅಷ್ಟರಲ್ಲಿ ಬೇಲಿಯ ಉದ್ದಕ್ಕೂ ಜನ. ಒಬ್ಬ ಮುದುಕ, "ಭದ್ರಾವತಿ ಸೊಸೆ ಅಲ್ಲಿ ಏನು ಮಾಡ್ತಾಳೆ?" ಎಂದ. ಇನ್ನೊಬ್ಬ, "ಮಕ್ಕಳಾಗ್ಲಿ ಅಂತ ಹರಕೆ ಇರ್ಬೇಕು ಮಾರಾಯ" ಎಂದ. ಭಾವ ಹೆಗಲ ಮೇಲಿನ ಟವೆಲನ್ನು ತಲೆಗೆ ಹಾಕಿಕೊಂಡು ಗದ್ದೆಯ ಕಡೆ ಹೋದರು.

ಬಾಲ ಅಡ್ಡ ಬರುತ್ತಿತ್ತು. ಬೇಕಾದ ಜಾಗದ ಮೇಲೆಯೇ ಬಂದು ಕೂರುತ್ತಿತ್ತು. "ಅತ್ತೆ, ಬಾಲ ಹಿಡ್ಕೊಳ್ಳಿ" ಎಂದೆ. ಊರಿನ ಅರ್ಧ ಕರುಗಳನ್ನು ಕೈಹಾಕಿ ಎಳೆದು ಹುಟ್ಟಿಸಿದ ಹೆಂಗಸು ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ಥೂ, ಅಷ್ಟು ಜನರ ಮುಂದೆ" ಎಂದರು. ನಾನು ರೇಗಿದೆ. ಬೀಜ ಉಳಿಯಬೇಕೋ ನಾಚಿಕೆ ಉಳಿಯಬೇಕೋ ನೀವೇ ಹೇಳಿ ಎಂದೆ. ಅತ್ತೆ ಬಂದು ಬಾಲವನ್ನು ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕೆ ಎಳೆದು, ಕಣ್ಣು ಆಕಾಶಕ್ಕೆ ನೆಟ್ಟು ನಿಂತರು. ಕ್ಯಾಮೆರಾದ ಗುಂಡಿ ಒತ್ತಿದೆ.

ಸ್ಟುಡಿಯೋದವರು ತೊಳೆದ ರೀಲನ್ನು ಬೆಳಕಿಗೆ ಹಿಡಿದು ನೋಡಿ ಮೆಲ್ಲಗೆ, "ತಾಯಿ, ಈ ಭಾಗ ಸ್ವಲ್ಪ ಪೆನ್ಸಿಲ್ಲಲ್ಲಿ ಮಸುಕು ಮಾಡಿ ಕೊಡ್ಲಾ? ನೋಡೋಕೆ ಚೆನ್ನಾಗಿರುತ್ತೆ" ಎಂದರು. ಮದುವಣಗಿತ್ತಿಯರ ಮೊಡವೆ ಅಳಿಸಿ ಅಭ್ಯಾಸವಾದ ಕೈ ಅದು. "ಈ ಭಾಗಕ್ಕೋಸ್ಕರವೇ ತೆಗೆದಿದ್ದು. ಮುಟ್ಟಿದ್ರೆ ಕಾಸು ಕೊಡಲ್ಲ" ಎಂದೆ.

ಅಧ್ಯಕ್ಷರು ಈ ಸಲ ಗಾಜು ಇಟ್ಟವರು ಬಹಳ ಹೊತ್ತು ತೆಗೆಯಲಿಲ್ಲ. ಚೌಕ ಎಣಿಸುವ ತುಟಿ ನಿಂತುಹೋಯಿತು. ಹಿಂದಿನಿಂದ ತೆಗೆದ ಫೋಟೋ ಕೈಗೆತ್ತಿಕೊಂಡು, ಬಾಲ ಹಿಡಿದು ದೇವರನ್ನು ನೆನೆಯುವಂತೆ ನಿಂತಿದ್ದ ಅತ್ತೆಯನ್ನೂ ಮುಂದೆ ಕೂತಿದ್ದ ಅತ್ತೆಯನ್ನೂ ಹೋಲಿಸಿ ನೋಡಿದರು. ಆಮೇಲೆ, "ಪಾಸು" ಎಂದರು. "ಇಷ್ಟು ಫೋಟೋದಲ್ಲಿ ಇಂಥದು ಬಂದಿಲ್ಲ." ಅತ್ತೆ ಎದ್ದು ಕೈಮುಗಿದರು. ಅವರ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

"ಜ್ವರ ಇಳಿದ ಮೇಲೆ ನಮ್ಮ ಆಳು ಬರ್ತಾನೆ, ಹೊಡ್ಕೊಂಡು ಹೋಗ್ತಾನೆ" ಎಂದರು ಅಧ್ಯಕ್ಷರು.

"ಎಲ್ಲಿಗೆ ಸ್ವಾಮಿ?"

"ಬಯಲುಸೀಮೆ ಕಡೆ, ತಳಿ ಬೆಳೆಸೋ ಜಾಗಕ್ಕೆ. ಪಾಸಾದ ಹೋರಿಗಳೆಲ್ಲ ಅಲ್ಲಿಗೇ. ಇಂಥ ಹೋರಿ ಒಂದು ಮನೇದಲ್ಲ ತಾಯಿ, ದೇಶದ್ದು."

ಇದು ನಮಗೆ ಗೊತ್ತಿರಲಿಲ್ಲ. ಊರಲ್ಲಿ ಸಾರಿದವನು ಹೇಳಿರಬಹುದು. ಆರಿಸಿದ ಹೋರಿಗೆ ಬೀಜ ಒಡೆಸಬೇಕಿಲ್ಲ ಎನ್ನುವವರೆಗೆ ಕೇಳಿಸಿಕೊಂಡು ಅತ್ತೆ ಒಳಗೆ ಬಂದಿದ್ದರು. ಈಗ ಅವರು ನಿಂತಲ್ಲೇ ನಿಂತು ಕೇಳಿದರು, "ಬತ್ತಿಯಲ್ಲಿ ಹಾಲು ಕುಡಿಸೋವಾಗ ದೇಶ ಎಲ್ಲಿಗೆ ಹೋಗಿತ್ತು ಸ್ವಾಮಿ?"

ಅಧ್ಯಕ್ಷರು ಕೆಟ್ಟವರಲ್ಲ. ಬಲವಂತ ಏನಿಲ್ಲ ಎಂದರು. ಆದರೆ ಸಮಿತಿಗೆ ಕೊಡದ ಹೋರಿ ಹೋರಿಯಾಗಿ ಊರಲ್ಲಿ ಇರುವ ಹಾಗಿಲ್ಲ, ಎಲ್ಲರಿಗೂ ಒಂದೇ ಕಾನೂನು ಎಂದರು. ಅಲ್ಲಿ ಅದನ್ನು ರಾಜನ ಹಾಗೆ ನೋಡಿಕೊಳ್ಳುತ್ತಾರೆ, ಹಸಿ ಹುಲ್ಲು, ಹುರುಳಿ, ಕೆಲಸವೆಂದರೆ ಅದಕ್ಕೆ ಇಷ್ಟವಾದ ಕೆಲಸ ಒಂದೇ ಎಂದೂ ಹೇಳಿದರು. ಅತ್ತೆ ಸೆರಗು ಹೊದ್ದು ಜಗಲಿ ಇಳಿದರು.

ಮನೆಗೆ ಬಂದು ಹೇಳಿದಾಗ ಆಶ್ಚರ್ಯವೆಂದರೆ ಭಾವ ಹಿಗ್ಗಿದರು. ಎತ್ತು ಹೋಯಿತು ಎನ್ನುವುದನ್ನೇ ಮರೆತು, ನಮ್ಮ ಹೋರಿ ಪಾಸಾಯ್ತು ಎಂದು ಊರೆಲ್ಲ ಹೇಳಿಕೊಂಡು ಬಂದರು. "ಹೋಗ್ಲಿ ಬಿಡಮ್ಮ. ನಮ್ಮ ಕೊಟ್ಟಿಗೇಲಿ ಹುಟ್ಟಿದ್ದು ಅಷ್ಟು ದೂರ ಹೋಗುತ್ತೆ ಅಂದ್ರೆ ಸಣ್ಣ ಮಾತಾ? ಈ ವರ್ಷವೂ ಯಾರದಾದ್ರೂ ಎತ್ತು ಕೇಳ್ತೀನಿ" ಎಂದರು. ಬೇಲಿ ಮುರಿಸಿಕೊಂಡವರೆಲ್ಲ ಬಂದು ಮಗನ ಬೆನ್ನು ತಟ್ಟಿ ಹೋದರು. ಅತ್ತೆ ಕೊಟ್ಟಿಗೆಯಲ್ಲಿ ಕೂತು ಮಗನ ಮೈಯ ಉಣ್ಣೆ ಹುಳು ಕೀಳುತ್ತಿದ್ದರು.

ಜ್ವರ ಇಳಿಯಿತು ಎಂಬ ಸುದ್ದಿ ಬಂದ ಬೆಳಿಗ್ಗೆ ಭಾವ ಮುಖ ತೊಳೆಯುತ್ತಿದ್ದಾಗ ಅತ್ತೆ ಹೇಳಿದರು, "ಬೀಜ ಒಡೆಯೋನಿಗೆ ಹೇಳಿ ಕಳಿಸು."

ಭಾವನ ಕೈಯಲ್ಲಿದ್ದ ಚೊಂಬು ಹಾಗೇ ನಿಂತಿತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಡುಗೆಮನೆಯಿಂದ ಹೊರಗೆ ಬಂದು ನಿಂತೆ.

"ನಿಮಗೋಸ್ಕರ ಊರ ಮುಂದೆ ಹೋರಿಯ ಹಿಂದೆ ಕೂತೆ ಅತ್ತೆ. ಉಳೀಲಿ ಅಂತ ತಾನೇ ಅಷ್ಟೆಲ್ಲ ಮಾಡಿದ್ದು?"

"ಹೂಂ."

"ಅಲ್ಲಿಗೆ ಹೋದ್ರೆ ಹೋರಿಯಾಗಿ ಇರುತ್ತೆ. ರಾಜನ ಹಾಗಿರುತ್ತೆ."

"ಇರುತ್ತೆ ಮಾರಾಯ್ತಿ. ನನ್ನ ಕಣ್ಣಿಗೆ ಕಾಣಲ್ಲ."

"ನಿಮ್ಮ ಕಣ್ಣಿಗೋಸ್ಕರ ಅದರ ಬಾಳು ಕೆಡಿಸ್ತೀರಾ?"

"ಹೂಂ ಕಣೇ" ಎಂದರು ಅತ್ತೆ. "ನನಗೆ ಬೇಕು."

ಒಂದು ನೆಪವನ್ನೂ ಹೇಳಲಿಲ್ಲ. ಅಲ್ಲಿ ನೀರು ಒಗ್ಗುವುದಿಲ್ಲ, ಆಳುಗಳು ಹೊಡೆಯುತ್ತಾರೆ, ಇಂಥದ್ದೇನಾದರೂ ಹೇಳಿದ್ದರೆ ಜಗಳವಾಡಬಹುದಿತ್ತು.

ಬೀಜ ಒಡೆಯುವವನು ಬಂದ ದಿನ, ಎತ್ತು ಬೇಕೆಂದು ವರ್ಷವೆಲ್ಲ ಗೋಗರೆದಿದ್ದ ಭಾವ ಬೆಳಿಗ್ಗೆಯೇ ಗದ್ದೆಗೆ ಹೋದವರು ಸಂಜೆಯವರೆಗೆ ತಿರುಗಿ ಬರಲಿಲ್ಲ. ನೆರೆಯವರು ಸೇರಿ ಹೋರಿಯನ್ನು ಕೆಡವಿ ಕಾಲು ಕಟ್ಟಿದರು. ಅತ್ತೆ ನೆಲದ ಮೇಲೆ ಕೂತು ಅದರ ತಲೆಯನ್ನು ತೊಡೆಗೆ ಎಳೆದುಕೊಂಡರು. ನಾನು ಒಳಗೆ ಹೋಗಿ, ರುಬ್ಬಲು ಏನೂ ಇಲ್ಲದಿದ್ದರೂ ಒರಳಲ್ಲಿ ಗುಂಡು ತಿರುಗಿಸುತ್ತಾ ಕೂತೆ, ಅದರ ಕೂಗು ಕೇಳಬಾರದೆಂದು. ಕೇಳಿಸಿತು.

ಸಮಿತಿಯ ಆಳು ಬಂದ, ನೋಡಿದ, ಎಲೆ ಅಡಿಕೆ ಹಾಕಿಕೊಂಡು ವಾಪಸು ಹೋದ. ನನ್ನ ಫೋಟೋಗಳನ್ನು ಮಾತ್ರ ಅಧ್ಯಕ್ಷರು ಹಿಂದಕ್ಕೆ ಕೊಡಲಿಲ್ಲ. ಬೀಜದ ಹೋರಿ ಹೇಗಿರಬೇಕೆಂದು ಬಂದವರಿಗೆಲ್ಲ ಅದನ್ನೇ ತೋರಿಸುತ್ತಾರೆ ಎಂದು ಆಮೇಲೆ ಕೇಳಿದೆ. ಓರಗಿತ್ತಿ ಮಗುವಿನೊಂದಿಗೆ ಬಂದಳು. ನಾನು ಅತ್ತೆಗೆ ಹೋಗಿಬರುತ್ತೇನೆ ಎಂದೂ ಹೇಳದೆ ಭದ್ರಾವತಿಗೆ ಹೊರಟುಹೋದೆ.

ಮಳೆ ಕಳೆದ ಮೇಲೆ ನಮ್ಮವರು ಬಲವಂತ ಮಾಡಿ ಊರಿಗೆ ಕರೆದುಕೊಂಡು ಹೋದರು. ಅಷ್ಟರಲ್ಲಿ ಹೋರಿ ಎತ್ತಾಗಿ ನೇಗಿಲು ಎಳೆಯುವುದನ್ನು ಕಲಿತಿತ್ತು. ಹಿಣಿಲು ಇಳಿದಿತ್ತು, ಕುತ್ತಿಗೆ ಸಣ್ಣಗಾಗಿತ್ತು, ಹೆಗಲ ಮೇಲೆ ನೊಗದ ಗುರುತು. ಬೇಲಿಗಳೆಲ್ಲ ನೆಟ್ಟಗಿದ್ದವು. ಅತ್ತೆ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು "ಮಗಾ" ಎಂದರು. ಅದು ಹೋಗಿ ಅವರ ಮಡಿಲಿಗೆ ಮೂತಿ ಇಟ್ಟಿತು. ನನಗೆ ಅದು ಸರಿಬರಲಿಲ್ಲ. ನಾನಾಗಿದ್ದರೆ ಹೋಗುತ್ತಿರಲಿಲ್ಲ. ಬಾಗಿಲಲ್ಲಿ ನಿಂತುಕೊಂಡು ನಾನೂ ಕರೆದೆ, ಬರಲಾರದು ಎಂದುಕೊಂಡೇ ಕರೆದೆ. ಅದು ತಲೆ ಎತ್ತಿ ನೋಡಿ ನನ್ನ ಹತ್ತಿರವೂ ಬಂತು, ಬಂದು ಕೈ ನೆಕ್ಕಿತು. ಅದಕ್ಕೆ ಯಾರ ಮೇಲೂ ಸಿಟ್ಟಿರಲಿಲ್ಲ.

ಆಗ ನಾನು ಅತ್ತೆಯನ್ನು ಬಾಯಿಗೆ ಬಂದ ಹಾಗೆ ಬೈದೆ. ಯಾವ ಸೊಸೆಯೂ ಯಾವ ಅತ್ತೆಗೂ ಹೇಳಬಾರದ್ದನ್ನೆಲ್ಲ ಹೇಳಿದೆ. ಅವರು ಎದ್ದು ಬಂದು, ನಾನು ಬೈಯುತ್ತಿದ್ದಷ್ಟು ಹೊತ್ತೂ ಅದರ ಹೆಗಲ ಮೇಲೆ ನೊಗ ತರಚಿದ ಜಾಗಕ್ಕೆ ಎಣ್ಣೆ ಹಚ್ಚುತ್ತಾ ನಿಂತಿದ್ದರು.